ಸಹಾಯ ಬೇಕು: ಪ್ಲಾನ್ ಮಾಡಿದ್ದು ಸಾಕು, ಕೆಲಸ ಶುರು ಮಾಡಬೇಕು

ಎಲ್ಲರಿಗೂ ನಮಸ್ಕಾರ. ಬಟ್ಟೆ ಆಲ್ಟರೇಶನ್ ಮಾಡಿಕೊಡುವ ಸಣ್ಣ ಬಿಸಿನೆಸ್ ಶುರು ಮಾಡಬೇಕು ಅಂತ ಎಂಟು ತಿಂಗಳಿಂದ ಯೋಚಿಸುತ್ತಲೇ ಇದ್ದೇನೆ. ಹೆಸರು ಆಯ್ತು, ಲೋಗೋ ಆಯ್ತು, ಲೆಕ್ಕದ ನೋಟ್‌ಬುಕ್ಕೂ ಅರ್ಧ ತುಂಬಿತು.

ಮೊನ್ನೆ ಪಕ್ಕದ ಮನೆಯವರು ಪ್ಯಾಂಟ್ ತಂದು, ಉದ್ದ ಸ್ವಲ್ಪ ಕಡಿಮೆ ಮಾಡಿಕೊಡಿ ಅಂದರು. ಅಂಚು ಬಿಚ್ಚಿ, ಮಡಚಿ, ಹೊಲಿದು ಅರ್ಧ ಗಂಟೆಯಲ್ಲಿ ಮುಗಿಸಿದೆ. ಎಷ್ಟು ಕೊಡಲಿ ಅಂತ ಕೇಳಿದಾಗ ಬಾಯಿಂದ ಮಾತೇ ಬರಲಿಲ್ಲ. ಸುಮ್ನೆ ಕೊಟ್ಟುಬಿಟ್ಟೆ. ಅಷ್ಟು ತಿಂಗಳ ಲೆಕ್ಕದಲ್ಲಿ ಈ ಒಂದು ಪ್ರಶ್ನೆಗೆ ಉತ್ತರ ಇರಲಿಲ್ಲ.

ಮನೆಯಲ್ಲಿರುವ ಮೆಷಿನ್ ಸಾಕು, ಸಾಲ ಬೇಡ. ಸೋಮವಾರವೇ ಶುರು ಮಾಡುತ್ತೇನೆ. ಮೊದಲ ಐದು ಗಿರಾಕಿಗಳು ನಿಮಗೆ ಹೇಗೆ ಸಿಕ್ಕಿದರು? ದಾರ, ಜಿಪ್ ಖರ್ಚಿನ ಜೊತೆ ನಿಮ್ಮ ಸಮಯಕ್ಕೂ ದರ ಹಾಕುತ್ತೀರಾ? ಪರಿಚಯದವರ ಹತ್ತಿರ ದುಡ್ಡು ಹೇಗೆ ಕೇಳುತ್ತೀರಿ? ಅನುಭವ ಇರುವವರು ದಯವಿಟ್ಟು ಹೇಳಿ.