ಮನೆಯ ಸಣ್ಣಪುಟ್ಟ ಉಪಾಯಗಳಲ್ಲಿ ಯಾವುದನ್ನು ನಂಬಬಹುದು, ಏಕೆ ನಂಬಬಹುದು?

ಪ್ರಶ್ನೆ: ಹೊಸಿಲು

ಎಲ್ಲರಿಗೂ ನಮಸ್ಕಾರ. ಹಿರಿಯರ ಆಸರೆಯಿಲ್ಲದೆ ಇದೇ ಮೊದಲ ಬಾರಿಗೆ ಬೇರೆ ಮನೆ ಮಾಡಿಕೊಂಡಿದ್ದೇವೆ. ನಾನು, ನನ್ನ ಪತಿ ಮತ್ತು ಏಳು ವರ್ಷದ ಮಗ, ಇಷ್ಟೇ ಜನ. ಹೊರಡುವಾಗ ಬಂಧುಗಳೂ ಗೆಳತಿಯರೂ ಹೇಳಿದ ಉಪಾಯಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೆ. ಈಗ ನೋಡಿದರೆ ಒಂದು ಪುಟದಲ್ಲಿರುವುದಕ್ಕೆ ಇನ್ನೊಂದು ಪುಟದಲ್ಲಿರುವುದು ವಿರುದ್ಧವಾಗಿದೆ.

ಕಳೆದ ವಾರ ಪಾತ್ರೆಯ ಮುಚ್ಚಳ ತೆಗೆಯಲು ಹೋಗಿ ಮಗನ ಕೈಗೆ ಬಿಸಿ ಹಬೆ ತಗುಲಿತು. ಪುಸ್ತಕದಲ್ಲಿ ಬರೆದಿದ್ದಂತೆ ನಾನು ಕೂಡಲೇ ಟೂತ್‌ಪೇಸ್ಟ್ ಹಚ್ಚಿದೆ. ವೈದ್ಯರ ಬಳಿ ಹೋದಾಗ ಅವರು ಗಾಯವನ್ನು ನೋಡಬೇಕಾದರೆ ಮೊದಲು ಒಣಗಿ ಅಂಟಿಕೊಂಡಿದ್ದ ಆ ಪೇಸ್ಟನ್ನು ಒರೆಸಿ ತೆಗೆಯಬೇಕಾಯಿತು, ಮಗ ಪಟ್ಟ ನೋವು ಇನ್ನೂ ನನ್ನ ಕಣ್ಣ ಮುಂದಿದೆ. ಅಂದಿನಿಂದ ಆ ಪುಸ್ತಕದ ಯಾವ ಸಾಲನ್ನೂ ಕಣ್ಣು ಮುಚ್ಚಿ ನಂಬಲು ಧೈರ್ಯ ಬರುತ್ತಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನೀವೇ ಮಾಡಿ ನೋಡಿರುವ, ಮತ್ತು ಅದು ಏಕೆ ಫಲ ಕೊಡುತ್ತದೆ ಎಂದು ನಿಮಗೆ ಗೊತ್ತಿರುವ ಉಪಾಯಗಳನ್ನು ಮಾತ್ರ ತಿಳಿಸಿ. ಸಣ್ಣ ಗಾಯ ಮತ್ತು ಹೊಟ್ಟೆ ಕೆಟ್ಟಾಗಿನ ಆರೈಕೆ, ತಳ ಹಿಡಿದ ಪಾತ್ರೆ, ಉಳಿದ ಅನ್ನ, ಇವು ನನಗೆ ಮೊದಲು ಬೇಕಾದವು. ಇದರ ಜೊತೆಗೆ ಇನ್ನೊಂದು: ಮೊಬೈಲ್ ಕೊಡದೆ, ಹಣವನ್ನೂ ಖರ್ಚು ಮಾಡದೆ ಮಗನ ರಜಾದಿನಗಳನ್ನು ಸಂತೋಷವಾಗಿ ಕಳೆಯುವುದು ಹೇಗೆ?

ಉತ್ತರ: ಆರೈಕೆ

ಹೊಸಿಲು ಅವರೇ, ನೀವು ಮಾಡಿದ ತಪ್ಪನ್ನು ತುಂಬಾ ಜನ ಮಾಡುತ್ತಾರೆ, ಅದಕ್ಕಾಗಿ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ನಾನು ಬಹಳ ವರ್ಷ ದಾದಿಯಾಗಿ ಕೆಲಸ ಮಾಡಿದವಳು. ಬೆಣ್ಣೆ, ಎಣ್ಣೆ, ಟೂತ್‌ಪೇಸ್ಟ್, ಹಿಟ್ಟು, ಹೀಗೆ ಏನೇನನ್ನೋ ಮೆತ್ತಿಕೊಂಡು ಬಂದ ಸುಟ್ಟಗಾಯಗಳನ್ನು ಲೆಕ್ಕವಿಲ್ಲದಷ್ಟು ತೊಳೆದಿದ್ದೇನೆ.

ಬೆಂಕಿಯಿಂದ ಕೈ ಹಿಂತೆಗೆದ ಮೇಲೂ ಚರ್ಮದ ಒಳಪದರಗಳಲ್ಲಿ ಬಿಸಿ ಉಳಿದಿರುತ್ತದೆ ಮತ್ತು ಅದು ಕೆಲಹೊತ್ತು ಒಳಗೊಳಗೇ ಸುಡುತ್ತಿರುತ್ತದೆ. ಆ ಬಿಸಿಯನ್ನು ಹೊರಗೆಳೆಯುವುದೇ ಮೊದಲ ಕೆಲಸ, ಅದಕ್ಕೆ ಹರಿಯುವ ತಣ್ಣೀರಿಗಿಂತ ಉತ್ತಮವಾದದ್ದು ಬೇರೆ ಇಲ್ಲ. ನಲ್ಲಿಯ ಕೆಳಗೆ ಪೂರ್ತಿ 20 ನಿಮಿಷ ಹಿಡಿಯಬೇಕು. ಗಡಿಯಾರ ನೋಡಿಕೊಂಡೇ ಹಿಡಿಯಿರಿ, ಏಕೆಂದರೆ ಅಳುತ್ತಿರುವ ಮಗುವನ್ನು ಎತ್ತಿಕೊಂಡಾಗ ಎರಡು ನಿಮಿಷವೂ ಇಪ್ಪತ್ತು ನಿಮಿಷದಂತೆ ತೋರುತ್ತದೆ. ಆ ಕ್ಷಣದಲ್ಲಿ ನೀರು ಸಿಗದಿದ್ದರೆ, ಸುಟ್ಟು ಮೂರು ಗಂಟೆಯೊಳಗೆ ಯಾವಾಗ ಸಿಕ್ಕರೂ ನೀರು ಹಿಡಿಯುವುದರಿಂದ ಪ್ರಯೋಜನವಿದೆ. ಮಂಜುಗಡ್ಡೆ ಬೇಡ, ಅದು ಮೊದಲೇ ನೊಂದ ಚರ್ಮಕ್ಕೆ ಇನ್ನಷ್ಟು ಹಾನಿ ಮಾಡುತ್ತದೆ. ಊತ ಬರುವ ಮೊದಲೇ ಉಂಗುರ, ಬಳೆಗಳನ್ನು ತೆಗೆದುಬಿಡಿ. ಗುಳ್ಳೆ ಎದ್ದರೆ ಒಡೆಯಬೇಡಿ. ಮುಖ, ಕೈ, ಕೀಲು ಅಥವಾ ಗುಪ್ತಾಂಗ ಸುಟ್ಟಿದ್ದರೆ, ಗಾಯವು ಸುಟ್ಟವರ ಅಂಗೈಗಿಂತ ದೊಡ್ಡದಾಗಿದ್ದರೆ, ಅಥವಾ ವಿದ್ಯುತ್ತಿನಿಂದಲೋ ರಾಸಾಯನಿಕದಿಂದಲೋ ಆಗಿದ್ದರೆ ವೈದ್ಯರಿಗೆ ತೋರಿಸಲೇಬೇಕು. ನೀವು ಕರೆದುಕೊಂಡು ಹೋದದ್ದು ಸರಿಯಾಯಿತು.

ಹೊಟ್ಟೆ ಕೆಟ್ಟು ಭೇದಿಯಾದಾಗ ಅಪಾಯ ಇರುವುದು ದೇಹದಿಂದ ನೀರು ಮತ್ತು ಲವಣ ಹೊರಟುಹೋಗುವುದರಲ್ಲಿ. ಬರೀ ನೀರು ಸಾಲದು. ಕರುಳಿನ ಒಳಗೋಡೆಯಲ್ಲಿ ಸಕ್ಕರೆಯೂ ಉಪ್ಪೂ ಜೊತೆಯಾಗಿ ಒಳಸೇರುವ ಒಂದು ದಾರಿಯಿದೆ, ಅವುಗಳ ಹಿಂದೆಯೇ ನೀರೂ ಒಳಗೆ ಹೋಗುತ್ತದೆ, ಮತ್ತು ಭೇದಿಯ ಸಮಯದಲ್ಲೂ ಈ ದಾರಿ ಬಹುಮಟ್ಟಿಗೆ ಮುಚ್ಚಿಹೋಗುವುದಿಲ್ಲ. 1971ರಲ್ಲಿ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ನರಕ್ಕೆ ಏರಿಸುವ ದ್ರಾವಣ ಸಾಲದೆ ಹೋದಾಗ, ವೈದ್ಯ ದಿಲೀಪ್ ಮಹಲನಬಿಸ್ ಅವರು ಈ ಸಕ್ಕರೆ-ಉಪ್ಪಿನ ನೀರನ್ನೇ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಓಆರ್‌ಎಸ್ ಪೊಟ್ಟಣ ಮನೆಯಲ್ಲಿದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿ. ಚಮಚವನ್ನು ರಾಶಿಯಾಗಿ ತುಂಬದೆ, ಮೇಲೆ ಸಮ ಮಾಡಿ ಅಳೆಯಬೇಕು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅದೇ ಅಪಾಯ. ನಿಮ್ಮ ಮಗನ ವಯಸ್ಸಿನವರಿಗೆ ಪ್ರತಿ ಸಲ ಭೇದಿಯಾದಾಗಲೂ ಅರ್ಧದಿಂದ ಒಂದು ಲೋಟದಷ್ಟನ್ನು ಗುಟುಕು ಗುಟುಕಾಗಿ ಕುಡಿಸಬಹುದು. ಮಗು ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಕುಡಿದದ್ದು ಸ್ವಲ್ಪವೂ ನಿಲ್ಲದಿದ್ದರೆ ಮನೆಯಲ್ಲಿ ಕಾಯಬೇಡಿ.

ಮೂಗಿನಿಂದ ರಕ್ತ ಬಂದಾಗ ತಲೆಯನ್ನು ಹಿಂದಕ್ಕೆ ಬಾಗಿಸಿ ಎಂದು ನಿಮ್ಮ ಪುಸ್ತಕದಲ್ಲಿದ್ದರೆ ಆ ಸಾಲನ್ನೂ ಹೊಡೆದುಹಾಕಿ. ಹಾಗೆ ಮಾಡಿದರೆ ರಕ್ತ ಗಂಟಲಿಗೆ ಇಳಿಯುತ್ತದೆ. ಮುಂದಕ್ಕೆ ಬಾಗಿ ಕೂರಿಸಿ, ಮೂಗಿನ ಮೆತ್ತನೆಯ ಭಾಗವನ್ನು 10ರಿಂದ 15 ನಿಮಿಷ, ನಡುವೆ ಬಿಟ್ಟು ನೋಡದೆ, ಒತ್ತಿ ಹಿಡಿಯಬೇಕು.

ಉತ್ತರ: ರಸಾಯನ

ಪಾತ್ರೆಯ ವಿಷಯಕ್ಕೆ ಬರುತ್ತೇನೆ. ಅಡುಗೆ ಸೋಡಾ ಮತ್ತು ವಿನೆಗರ್ ಎರಡನ್ನೂ ಬೆರೆಸಿ ಹಾಕಿ, ನೊರೆ ಉಕ್ಕಿದಾಗ ಕೊಳೆ ಬಿಡುತ್ತದೆ ಎಂಬ ಉಪಾಯ ನಿಮ್ಮ ಪುಸ್ತಕದಲ್ಲಿ ಖಂಡಿತ ಇರುತ್ತದೆ. ನೋಡಲು ಅದು ಚೆನ್ನಾಗಿಯೇ ಇರುತ್ತದೆ. ಆದರೆ ಸೋಡಾ ಒಂದು ಕ್ಷಾರ, ವಿನೆಗರ್ ಒಂದು ಆಮ್ಲ, ಎರಡೂ ಕೂಡಿದರೆ ಒಂದರ ಬಲವನ್ನು ಇನ್ನೊಂದು ಕಳೆಯುತ್ತದೆ. ನೊರೆ ಇಳಿದ ಮೇಲೆ ಉಳಿಯುವುದು ಹೆಚ್ಚಾಗಿ ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಸೌಮ್ಯವಾದ ಲವಣ ಮಾತ್ರ. ಅವುಗಳನ್ನು ಬೇರೆ ಬೇರೆಯಾಗಿ, ಬೇರೆ ಬೇರೆ ಕೊಳೆಗೆ ಬಳಸುವುದೇ ಸರಿಯಾದ ದಾರಿ.

ಹಾಲು ತಳ ಹಿಡಿದ ಸ್ಟೀಲ್ ಪಾತ್ರೆಗೆ ಸೋಡಾ ಬೇಕು. ಮೊದಲು ಪಾತ್ರೆ ತಾನಾಗಿ ಆರಲಿ, ಕಾದ ತಳಕ್ಕೆ ತಣ್ಣೀರು ಸುರಿದರೆ ಅದು ಡೊಂಕಾಗಬಹುದು. ಸೀದ ಪದರ ಮುಳುಗುವಷ್ಟು ನೀರು ಹಾಕಿ, ಒಂದೆರಡು ಚಮಚ ಸೋಡಾ ಬೆರೆಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಕುದಿಯುತ್ತಿರುವಾಗಲೇ ಅಂಚಿನಿಂದ ಕಂದು ಬಣ್ಣದ ತೆಳುವಾದ ಹಾಳೆಗಳು ಸುರುಳಿಯಾಗಿ ಏಳುವುದು ಕಾಣುತ್ತದೆ. ಆಗ ಮರದ ಸೌಟಿನಿಂದ ಮೆಲ್ಲಗೆ ಒತ್ತಿದರೆ ಬಹುಪಾಲು ಕಿತ್ತು ಬರುತ್ತದೆ. ಇದಾದ ಮೇಲೂ ಉಳಿದದ್ದಕ್ಕೆ ರಾತ್ರಿಯಿಡೀ ನೆನೆಯಲು ಬಿಡಿ, ಉಕ್ಕಿನ ನಾರಿನಿಂದ ಉಜ್ಜಿ ಪಾತ್ರೆಗೆ ಗೀರು ಬೀಳಿಸುವುದಕ್ಕಿಂತ ಅದು ಮೇಲು.

ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಸೋಡಾ ಹಾಕಿ ಕುದಿಸಲೇಬೇಡಿ. ಆ ಲೋಹವನ್ನು ಕಾಪಾಡುವ ತೆಳುವಾದ ಪದರವನ್ನು ಕ್ಷಾರವು ತಿಂದುಹಾಕುವುದರಿಂದ ಪಾತ್ರೆಯ ಒಳಭಾಗ ಕಪ್ಪಾಗುತ್ತದೆ. ಅದಕ್ಕೆ ನಿಂಬೆರಸ ಬೆರೆಸಿದ ನೀರು ಸಾಕು.

ಗಡಸು ನೀರಿನಿಂದ ಕೆಟಲ್‌ನಲ್ಲೂ ನಲ್ಲಿಯ ಬಾಯಲ್ಲೂ ಕಟ್ಟುವ ಬಿಳಿಯ ಪದರಕ್ಕೆ ಆಮ್ಲ ಬೇಕು, ಏಕೆಂದರೆ ಅದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಟ್ಟರೆ ಪದರ ಮೆತ್ತಗಾಗುತ್ತದೆ. ಅಮೃತಶಿಲೆಯ ಕಟ್ಟೆಯ ಮೇಲೆ ಒಂದು ಹನಿಯೂ ಬೀಳದಿರಲಿ, ಅದೂ ಅದೇ ಕಾರ್ಬೊನೇಟ್ ಆದ್ದರಿಂದ ಹೊಳಪು ಹೋಗುತ್ತದೆ.

ಒಂದು ಎಚ್ಚರಿಕೆಯನ್ನು ಹೇಳದೆ ಮುಗಿಸಲಾರೆ. ಬ್ಲೀಚನ್ನು ವಿನೆಗರ್ ಜೊತೆಗಾಗಲಿ, ಶೌಚಾಲಯ ತೊಳೆಯುವ ಆಮ್ಲದ ಜೊತೆಗಾಗಲಿ ಎಂದಿಗೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ದ್ರಾವಣದ ಜೊತೆಗೂ ಬೆರೆಸಬಾರದು, ಆಗ ಏಳುವ ಅನಿಲವೂ ಶ್ವಾಸಕೋಶಕ್ಕೆ ವಿಷವೇ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಇದು ಪ್ರಾಣಕ್ಕೇ ಕುತ್ತು ತರಬಹುದು.

ಉತ್ತರ: ಒಲೆಯ ಬದಿ

ಉಳಿದ ಅನ್ನದ ಬಗ್ಗೆ ಮಾತ್ರ ಹೇಳುತ್ತೇನೆ. ಹಳಸಿದ ವಾಸನೆ ಇಲ್ಲದಿದ್ದರೆ ತಿನ್ನಬಹುದು, ಚೆನ್ನಾಗಿ ಬಿಸಿ ಮಾಡಿದರೆ ಎಲ್ಲವೂ ಸತ್ತುಹೋಗುತ್ತದೆ ಎಂದು ನಾನೂ ನಂಬಿದ್ದೆ. ಎರಡೂ ಸರಿಯಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ಅವು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಹಾಗೆಯೇ ಕುಳಿತಾಗ ಅವು ಮೊಳೆತು, ಬೆಳೆದು, ವಾಂತಿ ತರಿಸುವ ಒಂದು ವಿಷವನ್ನು ಬಿಡುತ್ತವೆ, ಆ ವಿಷ ಮತ್ತೆ ಕಾಯಿಸಿದರೂ ಅಳಿಯುವುದಿಲ್ಲ. ವಾಸನೆಯಲ್ಲಿಯೂ ರುಚಿಯಲ್ಲಿಯೂ ಏನೂ ಗೊತ್ತಾಗದೆ ಇರಬಹುದು.

ಹಾಗಾಗಿ ಮುಖ್ಯವಾದದ್ದು ಮತ್ತೆ ಬಿಸಿ ಮಾಡುವುದಲ್ಲ, ಬೇಗ ತಣಿಸುವುದು. ಉಳಿದ ಅನ್ನವನ್ನು ಬೇಯಿಸಿದ ಪಾತ್ರೆಯಲ್ಲೇ ಮುಚ್ಚಿಟ್ಟರೆ ನಡುವಿನ ಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ, ಆದಷ್ಟು ಒಂದು ಗಂಟೆಯೊಳಗೆ ಫ್ರಿಜ್‌ನಲ್ಲಿಡಿ, ಮಾರನೆಯ ದಿನದೊಳಗೆ ಮುಗಿಸಿ, ಒಮ್ಮೆ ಮಾತ್ರ ಹಬೆಯಾಡುವಷ್ಟು ಬಿಸಿ ಮಾಡಿ. ಫ್ರಿಜ್‌ನ ಒಳಗಿನ ತಾಪಮಾನ 5 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಪದೇ ಪದೇ ತೆರೆಯುವ ಬಾಗಿಲಿನ ಭಾಗವೇ ಒಳಗೆಲ್ಲ ಹೆಚ್ಚು ಬೆಚ್ಚಗಿರುವುದರಿಂದ ಹಾಲನ್ನು ಅಲ್ಲಿಡದೆ ಒಳಗಿನ ಹಲಗೆಯ ಮೇಲಿಡಿ.

ಉತ್ತರ: ಕತ್ತಲಕೋಣೆ

ಮಗನ ರಜಾದಿನಕ್ಕೆ ನನ್ನದೊಂದು ಸಲಹೆ ಇದೆ, ಇದನ್ನು ನನ್ನ ಮಗಳ ಜೊತೆ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಚೆನ್ನಾಗಿ ಬಿಸಿಲಿರುವ ದಿನ, ಒಂದೇ ಕಿಟಕಿಯಿರುವ ಕೋಣೆಯನ್ನು ಆರಿಸಿಕೊಳ್ಳಿ. ಹಳೆಯ ರಟ್ಟು ಮತ್ತು ದಪ್ಪನೆಯ ಬಟ್ಟೆಯಿಂದ ಕಿಟಕಿಯನ್ನು ಬೆಳಕು ನುಸುಳದಂತೆ ಮುಚ್ಚಿ, ರಟ್ಟಿನಲ್ಲಿ ಸುಮಾರು ಒಂದು ಸೆಂಟಿಮೀಟರ್ ಅಗಲದ ದುಂಡನೆಯ ತೂತು ಮಾಡಿ. ಎದುರಿನ ಗೋಡೆ ಬಿಳಿಯಾಗಿಲ್ಲದಿದ್ದರೆ ಬಿಳಿ ಬಟ್ಟೆ ಕಟ್ಟಿ. ಬಾಗಿಲು ಹಾಕಿ ಸುಮ್ಮನೆ ಕುಳಿತುಕೊಳ್ಳಿ. ಮೊದಲು ಏನೂ ಕಾಣುವುದಿಲ್ಲ, ಮಕ್ಕಳು ಅವಸರಪಡುತ್ತಾರೆ. ಐದಾರು ನಿಮಿಷದಲ್ಲಿ ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ಹೊರಗಿನ ಮರ, ಆಕಾಶ, ನಡೆದುಹೋಗುವ ಜನ ಎಲ್ಲವೂ ಬಣ್ಣಬಣ್ಣವಾಗಿ, ತಲೆಕೆಳಗಾಗಿ ಗೋಡೆಯ ಮೇಲೆ ಮೂಡುತ್ತವೆ. ಬೆಳಕು ನೇರವಾಗಿ ಚಲಿಸುವುದರಿಂದ ಮರದ ತುದಿಯ ಕಿರಣ ತೂತಿನ ಮೂಲಕ ಕೆಳಕ್ಕೂ, ಬುಡದ ಕಿರಣ ಮೇಲಕ್ಕೂ ಬಂದು ಬೀಳುತ್ತದೆ. ಸಾವಿರ ವರ್ಷಗಳ ಹಿಂದೆ ಅರಬ್ ವಿಜ್ಞಾನಿ ಇಬ್ನ್ ಅಲ್-ಹೈಥಮ್ ಬೆಳಕಿನ ಗುಣವನ್ನು ಅಭ್ಯಾಸ ಮಾಡಿದ್ದು ಇಂಥ ಕತ್ತಲ ಕೋಣೆಗಳ ಸಹಾಯದಿಂದಲೇ. ತೂತು ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟವಾಗುತ್ತದೆ, ಆದರೆ ಮಂಕಾಗುತ್ತದೆ. ಯಾವ ಅಳತೆ ಸರಿಯೆಂದು ಮಗನೇ ಕಂಡುಹಿಡಿಯಲಿ. ತೂತಿಗೆ ಕಣ್ಣಿಟ್ಟು ಸೂರ್ಯನನ್ನು ನೋಡದಂತೆ ಮಾತ್ರ ಜೊತೆಯಲ್ಲೇ ಇರಿ.

ರಾತ್ರಿಗೆ ಆಕಾಶವೇ ಇದೆ. ಸೂರ್ಯ ಮುಳುಗಿದ ಒಂದೆರಡು ಗಂಟೆಯೊಳಗೆ, ಮಿನುಗದೆ ಒಂದೇ ಸಮನೆ ಹೊಳೆಯುತ್ತ ಕೆಲವೇ ನಿಮಿಷಗಳಲ್ಲಿ ಆಕಾಶವನ್ನು ದಾಟುವ ಚುಕ್ಕಿ ಕಂಡರೆ ಅದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೋ ಬೇರೆ ಉಪಗ್ರಹವೋ ಆಗಿರುತ್ತದೆ. ಆ ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಅದರಲ್ಲಿ ಈಗ ಮನುಷ್ಯರಿದ್ದಾರೆ ಎಂದು ಹೇಳಿ ನೋಡಿ, ಮಗ ಎಷ್ಟು ಪ್ರಶ್ನೆ ಕೇಳುತ್ತಾನೆಂದು.

ಮರುಪ್ರತಿಕ್ರಿಯೆ: ಹೊಸಿಲು

ನಿಮ್ಮೆಲ್ಲರಿಗೂ ಮನಸ್ಸು ತುಂಬಿ ಧನ್ಯವಾದಗಳು. ಪುಸ್ತಕದಲ್ಲಿ ಟೂತ್‌ಪೇಸ್ಟಿನ ಸಾಲನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ 20 ನಿಮಿಷ ಎಂದು ದೊಡ್ಡದಾಗಿ ಬರೆದಿದ್ದೇನೆ. ಈಗ ಪ್ರತಿ ಉಪಾಯದ ಎದುರಿಗೂ ಅದರ ಕಾರಣವನ್ನು ಬರೆಯುತ್ತಿದ್ದೇನೆ, ಕಾರಣ ಸಿಗದಿದ್ದ ಕಡೆ ಜಾಗ ಖಾಲಿ ಬಿಟ್ಟಿದ್ದೇನೆ.

ರಸಾಯನ ಅವರೇ, ನನ್ನ ತಳ ಹಿಡಿದ ಪಾತ್ರೆ ಅಲ್ಯೂಮಿನಿಯಂನದು. ನೀವು ತಿಳಿಸದೇ ಇದ್ದಿದ್ದರೆ ಅದಕ್ಕೆ ಸೋಡಾ ಹಾಕಿ ಕುದಿಸಿರುತ್ತಿದ್ದೆ. ನಿಂಬೆರಸದ ನೀರು ಕುದಿಸಿದೆ, ಗೋಡೆಗಳು ಬೆಳ್ಳಗಾಗಿವೆ, ತಳದ ನಡುವೆ ಮಾತ್ರ ನಾಣ್ಯದಷ್ಟು ಕಲೆ ಉಳಿದಿದೆ. ಇನ್ನೊಮ್ಮೆ ಕುದಿಸಬಹುದೇ?

ಕತ್ತಲಕೋಣೆ ಅವರೇ, ಭಾನುವಾರ ನೀವು ಹೇಳಿದಂತೆಯೇ ಮಾಡಿದೆವು. ಎದುರು ಮನೆಯ ಮಹಡಿಯಲ್ಲಿ ಒಣಗಲು ಹಾಕಿದ್ದ ಬಟ್ಟೆಗಳು ನಮ್ಮ ಗೋಡೆಯ ಮೇಲೆ ತಲೆಕೆಳಗಾಗಿ ತೂಗಾಡುತ್ತಿದ್ದವು. ಮಗ ತಾನೇ ಎದ್ದು ಹೋಗಿ, ಗೋಡೆಗೆ ಬೆನ್ನು ಮಾಡಿ, ಕಾಲುಗಳ ನಡುವಿನಿಂದ ಬಗ್ಗಿ ನೋಡಿ, ಅಮ್ಮಾ ಈಗ ಎಲ್ಲ ನೆಟ್ಟಗಿದೆ ಎಂದ.

ಉತ್ತರ: ರಸಾಯನ

ಧಾರಾಳವಾಗಿ ಇನ್ನೊಮ್ಮೆ ಕುದಿಸಿ. ಆದರೆ ಕುದಿಸಿದ ಮೇಲೆ ಆ ಹುಳಿನೀರನ್ನು ರಾತ್ರಿಯಿಡೀ ಅದರಲ್ಲೇ ಬಿಡಬೇಡಿ, ಹೆಚ್ಚು ಹೊತ್ತು ನಿಂತರೆ ಆಮ್ಲವೂ ಅಲ್ಯೂಮಿನಿಯಂ ಅನ್ನು ಕೊರೆಯುತ್ತದೆ. ಚೆಲ್ಲಿ, ತೊಳೆದು, ಒರೆಸಿಡಿ.