ಪದಚರ್ಚೆ: ‘ವೇಗಮಿತಿ’ ಸಾಲದಾದಾಗ ಏನೆನ್ನಬೇಕು?

ಬಲ್ಲವರಲ್ಲಿ ಒಂದು ಪ್ರಶ್ನೆ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಹಳೆಯದೊಂದು ಫೇರ್‌ಮಾಂಟ್ ‘ಮೋಟಾರ್‌ಕಾರ್’ ಕೊಂಡಿದ್ದಾನೆ. ರಸ್ತೆಯ ಕಾರಲ್ಲ, ಹಳಿಯ ಮೇಲೆ ಓಡುವ ಪುಟ್ಟ ಗಾಡಿ. ಮಿನ್ನೆಸೋಟದ ಫೇರ್‌ಮಾಂಟ್ ಊರಿನಲ್ಲಿ ತಯಾರಾಗಿ, ಹಳಿ ನೋಡಿಕೊಳ್ಳುವ ಗ್ಯಾಂಗಿನವರನ್ನು ಹೊತ್ತು ತಿರುಗುತ್ತಿದ್ದುದು. ರಸ್ತೆ, ಹಳಿ ಎರಡರ ಮೇಲೂ ಓಡಬಲ್ಲ ಟ್ರಕ್ಕುಗಳು ಬಂದಮೇಲೆ ರೈಲ್ವೆ ಕಂಪನಿಗಳಿಗೆ ಇವು ಬೇಡವಾದವು. ಈಗ ಹವ್ಯಾಸಿಗಳು ಕೊಂಡು, ಅನುಮತಿ ಪಡೆದು, ರಜೆಯ ದಿನ ಸಾಲಾಗಿ ಓಡಿಸುತ್ತಾರೆ. ಮುಂದಿನ ತಿಂಗಳು ಭಾವ ಅಲ್ಲಿಗೆ ಹೊರಟಿದ್ದಾರೆ. ಗಾಡಿ ಹತ್ತುವ ಮೊದಲು ಅವರು ಓದಿಕೊಳ್ಳಲೆಂದು ಸುರಕ್ಷತೆಯ ಎರಡು ಪುಟಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ.

ಮೊದಲ ತೊಡಕು ಗಾಡಿಯ ಹೆಸರಿನದು. ಇದಕ್ಕೆ ‘ಸ್ಪೀಡರ್’ ಎಂಬ ಇನ್ನೊಂದು ಹೆಸರೂ ಇದೆ. ‘ವೇಗಿ’ ಎಂದು ಬರೆದು ನೋಡಿದೆ. ಕ್ರಿಕೆಟ್ ವರದಿಯಿಂದ ಯಾರೋ ಬೌಲರ್ ಎದ್ದು ಬಂದ ಹಾಗಾಯಿತು. ಭಾವ ಅರಸೀಕೆರೆ ಕಡೆ ಗ್ಯಾಂಗ್‌ಮನ್ ಆಗಿದ್ದವರು. ಫೋಟೋ ತೋರಿಸಿದರೆ ಒಂದೇ ಮಾತಿನಲ್ಲಿ ಮುಗಿಸಿದರು: “ಇದು ಮೋಟಾರ್ ಟ್ರಾಲಿ ಕಣಯ್ಯ, ಇದಕ್ಕೇನು ಹೊಸ ಹೆಸರು?” ಅಲ್ಲಿಗೆ ಅದು ಇತ್ಯರ್ಥವಾಯಿತು.

ಇನ್ನು ‘ಸೇಫ್ ಆಪರೇಟಿಂಗ್ ಸ್ಪೀಡ್’. ನಿಘಂಟು ಹಿಡಿದು ಹೊರಟರೆ ‘ಸುರಕ್ಷಿತ ಕಾರ್ಯಾಚರಣಾ ವೇಗ’ ಸಿಗುತ್ತದೆ. ಕಾರ್ಯಾಚರಣೆ ಎಂದೊಡನೆ ನನಗೆ ಪೊಲೀಸರೂ ಕಾಡಾನೆಯೂ ನೆನಪಾಗುತ್ತಾರೆ. ‘ಓಡಿಸಬಹುದಾದ ವೇಗ’ ಎಂದರೆ ಸಾಕು ಎಂದುಕೊಂಡಿದ್ದೇನೆ. ಆಕ್ಷೇಪವಿದ್ದರೆ ಹೇಳಿ.

ನಿಜವಾಗಿ ನಾನು ಸಿಕ್ಕಿಬಿದ್ದಿರುವುದು ‘ರಿಸ್ಟ್ರಿಕ್ಟೆಡ್ ಸ್ಪೀಡ್’ ಎಂಬಲ್ಲಿ. ‘ನಿರ್ಬಂಧಿತ ವೇಗ’ ಎಂದರೆ ನಿರ್ಬಂಧಿತ ಪ್ರದೇಶದ ಹಾಗೆ ಒಳಗೆ ಕಾಲಿಡಲೇಬಾರದು ಎನಿಸುತ್ತದೆ. ‘ವೇಗಮಿತಿ’ ಎಂದರೆ ಬರೀ ಫಲಕದ ಮೇಲಿನ ಅಂಕಿ. ಅಮೆರಿಕದ ರೈಲ್ವೆ ನಿಯಮದಲ್ಲಿ ಈ ಮಾತಿಗೆ ಎರಡು ಕಾಲುಗಳಿವೆ: ಕಣ್ಣಿಗೆ ಕಾಣುವಷ್ಟು ದೂರದ ಅರ್ಧದೊಳಗೆ ನಿಲ್ಲಿಸಲು ಆಗಬೇಕು, ಮತ್ತು ಯಾವ ಕಾರಣಕ್ಕೂ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್, ಮೀರಬಾರದು. ಅರ್ಧವೇ ಏಕೆ? ಎದುರಿನಿಂದ ಇನ್ನೊಂದು ಗಾಡಿ ಬರುತ್ತಿದ್ದರೆ ಉಳಿದರ್ಧ ಅದಕ್ಕೆ ಬೇಕಲ್ಲ!

ಲೆಕ್ಕ ಹಾಕಿದರೆ ಮೈ ಜುಮ್ಮೆನ್ನುತ್ತದೆ. 20 ಮೈಲಿ ವೇಗದಲ್ಲಿ ಗಾಡಿ ಸೆಕೆಂಡಿಗೆ 29 ಅಡಿ ಸರಿಯುತ್ತದೆ. ಗಿಡಗಂಟಿ ಬೆಳೆದ ತಿರುವಿನಲ್ಲಿ ಕಾಣುವುದೇ 100 ಅಡಿ ಎಂದುಕೊಳ್ಳಿ. 50 ಅಡಿಯೊಳಗೆ ನಿಲ್ಲಬೇಕು. ಗಾಬರಿಯಾಗಿ ಕೈ ಬ್ರೇಕಿನ ಹಿಡಿಕೆಯನ್ನು ಹುಡುಕುವಷ್ಟರಲ್ಲಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಹೋಗಿರುತ್ತದೆ. ಹಳಿ ಒದ್ದೆಯಾಗಿದ್ದರೆ ಉಕ್ಕಿನ ಗಾಲಿ ಜಾರುತ್ತದೆ. ಸಾಲದ್ದಕ್ಕೆ ಈ ಗಾಡಿಗಳ ಗಾಲಿಗಳಿಗೆ ವಿದ್ಯುತ್ ಹಾಯದಂತೆ ಅವಾಹಕ ಕೊಟ್ಟಿರುತ್ತಾರೆ. ಗಾಲಿಗಳ ಮೂಲಕ ಒಂದು ಹಳಿಯಿಂದ ಇನ್ನೊಂದಕ್ಕೆ ವಿದ್ಯುತ್ ಹಾಯ್ದರೆ ತಾನೆ ಗಾಡಿ ಬಂದದ್ದು ಗೊತ್ತಾಗುವುದು? ಹಾಗಾಗಿ ಹಳಿಯ ಮೇಲೆ ಗಾಡಿಯಿರುವುದು ಸಿಗ್ನಲಿಗೆ ತಿಳಿಯುವುದಿಲ್ಲ, ರಸ್ತೆ ದಾಟುವಲ್ಲಿ ಗೇಟೂ ತಾನಾಗಿ ಬೀಳುವುದಿಲ್ಲ. ಅಲ್ಲಿ ಅಂಕಿ ನಂಬಿ ಪ್ರಯೋಜನವಿಲ್ಲ, ಕಣ್ಣೇ ಗತಿ.

ಆದ್ದರಿಂದ ‘ಕಣ್ಣಳತೆಯ ವೇಗ’ ಎಂದು ಬರೆಯಲು ಆಸೆ. ‘ಕಣ್ಣಳತೆಯ ದೂರ’ ನಮ್ಮಲ್ಲಿ ಚೆನ್ನಾಗಿ ಬಳಕೆಯಲ್ಲಿದೆ. ಆದರೆ ಬಟ್ಟೆಯನ್ನೋ ಬೇಳೆಯನ್ನೋ ಅಳೆಯದೆ ಅಂದಾಜಿನಲ್ಲಿ ಕೊಡುವುದಕ್ಕೂ ಕಣ್ಣಳತೆ ಎನ್ನುತ್ತೇವೆ. ಭಾವ ಅದನ್ನು ‘ಅಂದಾಜಿನ ವೇಗ’ ಎಂದು ತಿಳಿದರೆ ಅರ್ಥ ತಲೆಕೆಳಗಾಯಿತು. ಅವರೇ ಸೂಚಿಸಿದ್ದು ‘ಹಿಡಿತದ ವೇಗ’. ಮಾತು ಗಟ್ಟಿಯಾಗಿದೆ, ಆದರೆ ಅದರೊಳಗೆ ಕಣ್ಣು ಇಲ್ಲ.

ಇನ್ನೊಂದು ಚಿಕ್ಕದು. ಹಳಿ ಕವಲೊಡೆಯುವಲ್ಲಿ ಒಂದು ಹಳಿ ಇನ್ನೊಂದನ್ನು ಹಾಯುವ ಜಾಗದ ಲೋಹದ ತುಂಡಿಗೆ ಅಲ್ಲಿಯವರು ‘ಫ್ರಾಗ್’ ಎನ್ನುತ್ತಾರೆ. ಹಗುರ ಗಾಡಿ ಅಲ್ಲಿ ಹಳಿ ತಪ್ಪುವುದುಂಟು, ಆದ್ದರಿಂದ ನಿಧಾನಿಸಬೇಕು. ಯಂತ್ರಾನುವಾದ ನನಗೆ ಕೊಟ್ಟದ್ದು: ‘ಕಪ್ಪೆಗಳ ಮೇಲೆ ನಿಧಾನವಾಗಿ ಚಲಿಸಿ’. ನಾನು ‘ಕ್ರಾಸಿಂಗ್’ ಎಂದು ಹಾಕಿದ್ದೇನೆ, ಇಲ್ಲಿನ ರೈಲ್ವೆಯವರ ಮಾತು ಅದೇ. ಆದರೆ ರಸ್ತೆ ದಾಟುವ ಕ್ರಾಸಿಂಗೂ ಅದೇ ಪುಟದಲ್ಲಿದೆ. ಬೇರೆ ಮಾಡಿ ತೋರಿಸುವ ಪದ ಯಾರಲ್ಲಾದರೂ ಇದೆಯೇ?