ಗಿಂಪ್‌ನಲ್ಲಿ ಕಸೂತಿ ದಡಿ: ಗೋಪುರ ಅರ್ಧಕ್ಕೇ ತುಂಡಾಗುತ್ತಿದೆ, ಪ್ರಿಂಟಲ್ಲಿ ಅಂಚೂ ಸಮ ಇಲ್ಲ

ರಾಜಾಜಿನಗರ_ರಂಗೋಲಿ:
ಎಲ್ಲರಿಗೂ ನಮಸ್ಕಾರ. ಗೃಹಪ್ರವೇಶದ ಫೋಟೋಗಳಿಗೆ ಕಸೂತಿ ದಡಿ ಹಾಕಬೇಕು. ಗಿಂಪ್ 2.10 (ಫೋಟೋ ಎಡಿಟಿಂಗ್ ಸಾಫ್ಟ್‌ವೇರ್), ಫೋಟೋ 1800×1200 ಪಿಕ್ಸೆಲ್, ಪ್ರಿಂಟ್ 4×6 ಇಂಚು. ಕ್ಯಾನ್ವಾಸ್ ಸೈಜ್‌ನಲ್ಲಿ ನಾಲ್ಕೂ ಕಡೆ 75 ಪಿಕ್ಸೆಲ್ ಸೇರಿಸಿ, ಆ ಜಾಗಕ್ಕೆ 64×64ರ ಗೋಪುರದ ಪ್ಯಾಟರ್ನ್ ತುಂಬಿಸಿದೆ. ಬಲಗಡೆ ಕೊನೇ ಗೋಪುರ ಅರ್ಧಕ್ಕೆ ತುಂಡಾಗುತ್ತೆ. ಮೇಲಿನ ಪಟ್ಟಿಯ ಒಳಅಂಚಲ್ಲಿ ಇನ್ನೊಂದು ಸಾಲಿನ ಕಳಸ ಇಣುಕುತ್ತೆ. ಲ್ಯಾಬಿನಿಂದ ಬಂದ ಪ್ರಿಂಟಲ್ಲಿ ಮೇಲೆ-ಕೆಳಗಿನ ದಡಿ ಪಕ್ಕದ್ದಕ್ಕಿಂತ ಸಣ್ಣ. ಗೆರೆಗಳೂ ಮಸುಕು, ಕೆಂಪು ದಾರ ಬಣ್ಣ ಬಿಟ್ಟ ಹಾಗಿದೆ. ಎಲ್ಲಿ ತಪ್ಪಿದೆ?

ದಡಿಗಾರ:
ಮೇಡಂ, ದಡಿ ಸೇರಿಸಿದ ಮೇಲೆ ನಿಮ್ಮ ಚಿತ್ರ 1950×1350 ಆಯ್ತು. 1950ರಲ್ಲಿ 64ರ ಟೈಲ್ (ಮತ್ತೆ ಮತ್ತೆ ಬರುವ ಪ್ಯಾಟರ್ನಿನ ಒಂದು ತುಂಡು) 30 ಪೂರ್ತಿ ಕೂತು 30 ಪಿಕ್ಸೆಲ್ ಉಳಿಯುತ್ತದೆ, ಅದೇ ನಿಮ್ಮ ಅರ್ಧ ಗೋಪುರ. ಪಟ್ಟಿಯ ಅಗಲ 75, ಟೈಲ್ 64. ಮಿಕ್ಕ 11 ಪಿಕ್ಸೆಲ್‌ನಲ್ಲಿ ಎರಡನೇ ಸಾಲಿನ ಕಳಸ ಕಾಣಿಸಿಕೊಂಡಿದೆ.

ಪ್ರಿಂಟಿನದು ಬೇರೆ ಲೆಕ್ಕ. 4×6 ಕಾಗದದ ಅನುಪಾತ 3:2, ನಿಮ್ಮ 1950×1350 ಅದಕ್ಕಿಂತ ಚೌಕ. ಕಾಗದ ತುಂಬಬೇಕಾದರೆ ಎತ್ತರ 1300ಕ್ಕೆ ಇಳಿಯಬೇಕು. ಮೇಲೆ 25, ಕೆಳಗೆ 25 ಹೋಗಿ ಅಲ್ಲಿ ದಡಿ 50 ಉಳಿಯಿತು, ಪಕ್ಕದ್ದು 75 ಹಾಗೇ ಇದೆ. ಎಲ್ಲ ಕಡೆ ಒಂದೇ ಅಳತೆಯ ದಡಿ ಕೂಡಿಸಿದರೆ 3:2 ಕೆಡಲೇಬೇಕು. ಆದ್ದರಿಂದ ದಡಿಯನ್ನು ಫೋಟೋ ಹೊರಗೆ ಬೆಳೆಸಬೇಡಿ. ಕಾಗದದ ಅಳತೆಯಿಂದ ಒಳಗೆ ಬನ್ನಿ.

ಟೈಲ್ 60 ಇಟ್ಟುಕೊಳ್ಳಿ. 1800ಕ್ಕೆ 30, 1200ಕ್ಕೆ 20, ಶೇಷವೇ ಇಲ್ಲ. 1800×1200, 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಹೊಸ ಇಮೇಜ್ ತೆರೆದು ಕುಂಕುಮಗೆಂಪು ತುಂಬಿಸಿ. ಹೊರಗಿನ 60 ಬರೀ ಬಣ್ಣ, ಅದರೊಳಗಿನ 60 ಕಸೂತಿ. ಮಧ್ಯೆ ಫೋಟೋಗೆ 1560×960 ಉಳಿಯುತ್ತದೆ, ಅಂದರೆ 13:8. ಕ್ರಾಪ್ ಟೂಲಿನಲ್ಲಿ ಫಿಕ್ಸ್ಡ್ ಆಸ್ಪೆಕ್ಟ್ ರೇಷಿಯೋ 13:8 ಕೊಟ್ಟು ಕತ್ತರಿಸಿ, ಆ ಅಳತೆಗೆ ಸ್ಕೇಲ್ ಮಾಡಿ. ಹೊರಗಿನ ಖಾಲಿ ಪಟ್ಟಿ ವ್ಯರ್ಥ ಅಂದುಕೊಳ್ಳಬೇಡಿ. ಅಂಚಿಲ್ಲದ ಪ್ರಿಂಟಲ್ಲಿ 3 ಮಿಲಿಮೀಟರ್‌ವರೆಗೆ ಕತ್ತರಿಗೆ ಹೋಗಬಹುದು, ಅದು 35 ಪಿಕ್ಸೆಲ್. ಹೋಗುವುದು ಖಾಲಿ ಬಣ್ಣ, ಗೋಪುರ ಉಳಿಯುತ್ತದೆ.

ಕಸೂತಿಗೆ ಬೇರೆ ಪಾರದರ್ಶಕ ಲೇಯರ್ ಮಾಡಿ, ಅದು ಇಮೇಜಿನಷ್ಟೇ ದೊಡ್ಡದಿರಲಿ. ಪ್ಯಾಟರ್ನ್ ಶುರುವಾಗುವುದು ಲೇಯರಿನ ಎಡ ಮೇಲ್ಮೂಲೆಯಿಂದ, ನೀವು ಸೆಲೆಕ್ಟ್ ಮಾಡಿದ ಜಾಗದಿಂದ ಅಲ್ಲ. 60ರ ಗುಣಕದಲ್ಲೇ ನಿಂತರೆ ತಾನೇ ಹೊಂದುತ್ತದೆ. ರೆಕ್ಟ್ಯಾಂಗಲ್ ಸೆಲೆಕ್ಟ್‌ನ ಟೂಲ್ ಆಪ್ಷನ್ಸ್‌ನಲ್ಲಿ ಅಂಕಿಯನ್ನೇ ಟೈಪ್ ಮಾಡಿ. ಮೇಲಿನ ಪಟ್ಟಿ: ಪೊಸಿಷನ್ 120, 60, ಸೈಜ್ 1560×60. ಕೆಳಗಿನದು 120, 1080ರಿಂದ, ಅದೇ ಸೈಜ್. ಎಡ 60, 120, ಬಲ 1680, 120, ಎರಡೂ 60×960. ಟೈಲ್ ಕಾಪಿ ಮಾಡಿದ ಕೂಡಲೇ ಪ್ಯಾಟರ್ನ್ ಪಟ್ಟಿಯಲ್ಲಿ ಮೊದಲನೆಯದಾಗಿ ಬರುತ್ತದೆ. ಬಕೆಟ್ ಫಿಲ್‌ನಲ್ಲಿ ಪ್ಯಾಟರ್ನ್ ಫಿಲ್, ಫಿಲ್ ಹೋಲ್ ಸೆಲೆಕ್ಷನ್ ಎರಡನ್ನೂ ಆರಿಸಿ.

ಪ್ರತಿ ಬದಿಗೂ ಟೈಲನ್ನು ತಿರುಗಿಸಿ ಮತ್ತೆ ಕಾಪಿ ಮಾಡಬೇಕು: ಬಲಕ್ಕೆ 90 ಡಿಗ್ರಿ ಪ್ರದಕ್ಷಿಣೆ, ಕೆಳಕ್ಕೆ 180, ಎಡಕ್ಕೆ 90 ಅಪ್ರದಕ್ಷಿಣೆ. ಗೋಪುರದ ಬುಡ ಯಾವಾಗಲೂ ಫೋಟೋ ಕಡೆಗಿರಲಿ. ನಾಲ್ಕು ಮೂಲೆ ಖಾಲಿ ಉಳಿಯುತ್ತವೆ. ಅಲ್ಲಿಗೆ ನಾಲ್ಕು ಕಡೆಯಿಂದಲೂ ಒಂದೇ ಥರ ಕಾಣುವ ತುಳಸಿಕಟ್ಟೆಯ ಚೌಕವೋ ನಕ್ಷತ್ರವೋ ಚೆಂದ.

ಕಸೂತಿ_ಕಣ್ಣು:
ಮಸುಕಿನ ಬಗ್ಗೆ ನಾನು ಹೇಳ್ತೀನಿ. 16 ಪಿಕ್ಸೆಲ್‌ನಲ್ಲಿ ಬರೆದು 64ಕ್ಕೆ ಹಿಗ್ಗಿಸಿದ್ದೀರಿ ಅನ್ನಿಸುತ್ತೆ, ಇಂಟರ್‌ಪೊಲೇಷನ್ (ಹಿಗ್ಗಿಸುವಾಗ ನಡುವಿನ ಪಿಕ್ಸೆಲ್ ತುಂಬುವ ವಿಧಾನ) ಕ್ಯೂಬಿಕ್ ಇದ್ದಿರಬೇಕು. ಫೋಟೋಗೆ ಅದು ಸರಿ. ಕಸೂತಿಗೆ ‘ನನ್’ (None) ಅಂತ ಇರುವುದನ್ನೇ ಆರಿಸಿ, ಇಲ್ಲದಿದ್ದರೆ ಪ್ರತಿ ಹೊಲಿಗೆಯ ಅಂಚಲ್ಲೂ ನಡುವಿನ ಬಣ್ಣ ತುಂಬಿಕೊಳ್ಳುತ್ತೆ. ಟೈಲನ್ನು 15×15ರಲ್ಲಿ ಬರೆದು 60ಕ್ಕೆ ಏರಿಸಿ: ಒಂದು ಮನೆಗೆ (15×15ರ ಒಂದು ಚೌಕಕ್ಕೆ) ಅಡ್ಡ-ಉದ್ದ 4 ಪಿಕ್ಸೆಲ್, ಕಾಗದದ ಮೇಲೆ ಸುಮಾರು 0.34 ಮಿಲಿಮೀಟರ್. 15 ಬೆಸ ಸಂಖ್ಯೆ, ಹಾಗಾಗಿ ಕಳಸಕ್ಕೆ ನಟ್ಟನಡುವೆ ಒಂದು ಮನೆ ಸಿಗುತ್ತೆ. 16ರಲ್ಲಿ ಗೋಪುರ ಒಂದು ಕಡೆ ವಾಲುತ್ತೆ. ಬರೆಯೋಕೆ ಪೆನ್ಸಿಲ್ ಟೂಲೇ ಆಗಬೇಕು, ಪೇಂಟ್‌ಬ್ರಷ್ ಅಂಚು ಮೆತ್ತಗೆ ಮಾಡುತ್ತೆ.

ಇನ್ನೊಂದು ಮಾತು. ಗವಂತಿಯ (ನೇರ ಗೆರೆಯ ಕಸೂತಿ ಹೊಲಿಗೆ) ಓರೆ ಗೆರೆ ಪಿಕ್ಸೆಲ್‌ನಲ್ಲಿ ಮೆಟ್ಟಿಲಾಗಿ ಮುರ್ಗಿಯ (ಮೆಟ್ಟಿಲಿನಂಥ ಹೊಲಿಗೆ) ಹಾಗೇ ಕಾಣುತ್ತೆ. ಬಟ್ಟೆ ಕಸೂತಿ ಬಲ್ಲವರು ನೋಡಿದ ಕೂಡಲೇ ಗುರುತಿಸುತ್ತಾರೆ. ಈ ಅಳತೆಯಲ್ಲಿ ಓರೆ ಗೆರೆ ಬಿಟ್ಟು ಅಡ್ಡ-ಉದ್ದದ ಗವಂತಿ, ಮೆಟ್ಟಿಲಿಗೆ ಮುರ್ಗಿ ಇಟ್ಟುಕೊಂಡರೆ ಕಸೂತಿ ಕಸೂತಿಯಾಗೇ ಉಳಿಯುತ್ತೆ.

ಕೆಂಪು ಹರಡೋದು ಜೆಪೆಗ್ ಮಾಡುವಾಗ. 4:2:0 ಸಬ್‌ಸ್ಯಾಂಪ್ಲಿಂಗ್‌ನಲ್ಲಿ 2×2 ಪಿಕ್ಸೆಲ್‌ಗೆ ಸೇರಿ ಒಂದೇ ಬಣ್ಣದ ಮಾಹಿತಿ ಉಳಿಯುತ್ತೆ. ಎಕ್ಸ್‌ಪೋರ್ಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ 4:4:4 ಆರಿಸಿ, ಕ್ವಾಲಿಟಿ 95 ಸಾಕು. ಲ್ಯಾಬಿಗೆ ವಾಟ್ಸಾಪಲ್ಲಿ ಕಳಿಸೋದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದು ಮತ್ತೆ ಕುಗ್ಗಿಸುತ್ತೆ, ಪಟ್ಟ ಶ್ರಮವೆಲ್ಲ ಹೋಯ್ತು.

ರಾಜಾಜಿನಗರ_ರಂಗೋಲಿ:
ಸೆಲೆಕ್ಷನ್ ಅಂಕಿ ಹಾಕಿದ ಕೂಡಲೇ 26 ಗೋಪುರ ಪೂರ್ತಿ ಕೂತವು! ತುಂಬಾ ಥ್ಯಾಂಕ್ಸ್. ಅಪ್ಪ-ಅಮ್ಮನ ಫೋಟೋ ಒಂದನ್ನು 5×7ರಲ್ಲಿ ಫ್ರೇಮ್ ಹಾಕಿಸಬೇಕು, ಗೋಪುರ ಒಂದು, ತೇರು ಒಂದು ಅಂತ ಬಿಟ್ಟು ಬಿಟ್ಟು ಬರಬೇಕು. ಇದೇ ಟೈಲ್ ಸಾಕಾ?

ದಡಿಗಾರ:
ಸಾಕು. 2100×1500, 35, 25 ಟೈಲ್. ಆದರೆ ಫ್ರೇಮಿನ ತುಟಿ ಪ್ರಿಂಟಿನ ಮೇಲೆ ಸುಮಾರು ಅರ್ಧ ಸೆಂಟಿಮೀಟರ್ ಕೂರುತ್ತದೆ, ಹೊರಗಿನ ಖಾಲಿ ಪಟ್ಟಿಯನ್ನು 120 ಮಾಡಿ. ಆಗ ಫೋಟೋ 1740×1140, ಅನುಪಾತ 29:19. ಮೇಲೆ-ಕೆಳಗೆ 29, ಪಕ್ಕದಲ್ಲಿ 19, ಎರಡೂ ಬೆಸ. ಹಾಗಾಗಿ ಪ್ರತಿ ಸಾಲೂ ಗೋಪುರದಲ್ಲಿ ಶುರುವಾಗಿ ಗೋಪುರದಲ್ಲೇ ಮುಗಿಯುತ್ತದೆ. 4×6ರ 26, 16ರಲ್ಲಿ ಹೀಗೆ ಮಾಡಲು ಹೋದರೆ ಒಂದು ತುದಿ ಗೋಪುರ, ಇನ್ನೊಂದು ತುದಿ ತೇರು ಆಗುತ್ತದೆ. ಅಲ್ಲಿ ಒಂದೇ ಚಿತ್ರ ಇರಲಿ. ಗೋಪುರ, ತೇರು ಸೇರಿದ ಜೋಡಿ ಟೈಲ್ 120 ಉದ್ದ ಅಂತ ನೆನಪಿಡಿ. ಇಲ್ಲಿ ಸಾಲು ಶುರುವಾಗುವುದು 180ರಿಂದ, ಅದು 120ರ ಗುಣಕ ಅಲ್ಲ. ಹಾಗಾಗಿ ಮೇಲಿನ, ಬಲದ ಸಾಲುಗಳಲ್ಲಿ ಮೊದಲು ಕಾಣುವುದು ಜೋಡಿಯ ಎರಡನೆಯದು. ಟೈಲಲ್ಲಿ ತೇರನ್ನು ಮೊದಲು, ಗೋಪುರವನ್ನು ಆಮೇಲೆ ಬರೆಯಿರಿ. 180 ಡಿಗ್ರಿ, ಇಲ್ಲವೇ 90 ಅಪ್ರದಕ್ಷಿಣೆ ತಿರುಗಿಸಿದಾಗ ಜೋಡಿಯ ಕ್ರಮವೂ ತಿರುಗುತ್ತದೆ, ಕೆಳಗಿನ, ಎಡದ ಸಾಲು ತುಂಬಿದ ಮೇಲೆ ತುದಿ ನೋಡಿ; ತೇರು ಬಂದಿದ್ದರೆ ಅನ್‌ಡೂ ಮಾಡಿ ಎರಡನ್ನೂ ಅದಲುಬದಲು ಮಾಡಿ ಮತ್ತೆ ತುಂಬಿಸಿ.